ಅಕಸ್ಮಾತ್ತಿನ ಚೀಲ

ಪ್ರವಾಸವೆಂದರೆ ಗಂಡಸರಿಗೆ ಟಿಕೆಟ್ ತೆಗೆಸುವುದು. ನಮಗೆ ಅರ್ಧ ಮನೆಯನ್ನು ಹೊತ್ತುಕೊಂಡು, ಉಳಿದರ್ಧವನ್ನು ತಲೆಯಲ್ಲಿಟ್ಟುಕೊಂಡು ಹೊರಡುವುದು. ಟಿಕೆಟ್ ಆದ ದಿನದಿಂದ ಅವರ ಕಣ್ಣ ಮುಂದೆ ಗಂಗೆ, ಘಾಟು, ದೋಣಿ. ನಮ್ಮ ಕಣ್ಣ ಮುಂದೆ ಗ್ಯಾಸು, ನಲ್ಲಿ, ಬೀಗ. ಇದರ ಜೊತೆಗೆ ‘ಅಕಸ್ಮಾತ್’ ಎಂಬ ಒಂದು ಮಾತು ಬೆಳಗಿನಿಂದ ರಾತ್ರಿಯವರೆಗೆ ಕಿವಿಯಲ್ಲಿ ಗುಂಯ್ ಎನ್ನುತ್ತಿರುತ್ತದೆ. ಅಕಸ್ಮಾತ್ ಮಗುವಿಗೆ ವಾಂತಿಯಾದರೆ? ಅಕಸ್ಮಾತ್ ಚಪ್ಪಲಿ ಕಿತ್ತುಹೋದರೆ? ಅಕಸ್ಮಾತ್ ರೈಲು ತಡವಾಗಿ ಅರ್ಧರಾತ್ರಿಯಲ್ಲಿ ಗೊತ್ತಿಲ್ಲದ ಊರಿನಲ್ಲಿ ಇಳಿಯಬೇಕಾಗಿ ಬಂದರೆ?

ನಮ್ಮ ಮನೆಯಲ್ಲಿ ಇದಕ್ಕೆಂದೇ ಒಂದು ಖಾಕಿ ಕೈಚೀಲವಿದೆ. ಸೂಜಿ ದಾರ, ಪಿನ್ನು, ನೈಲಾನ್ ಹಗ್ಗ, ಟಾರ್ಚು, ಎರಡು ಬೀಗ, ಹಳೆಯ ಪಂಚೆಯ ತುಂಡು, ಒಣಶುಂಠಿ, ಓಮ ಎಲ್ಲವೂ ಅದರೊಳಗೆ. ನಮ್ಮವರು ಅದಕ್ಕೆ ‘ಅಕಸ್ಮಾತ್ತಿನ ಚೀಲ’ ಎಂದು ನಾಮಕರಣ ಮಾಡಿ ನಗುತ್ತಾರೆ. ನಗಲಿ ಬಿಡಿ. ಹೋದ ಊರಿನಲ್ಲಿ ಟವೆಲ್ ಒಣಹಾಕಲು ಹಗ್ಗ ಬೇಕಾದಾಗ ಮೊದಲು ಅದಕ್ಕೆ ಕೈ ಹಾಕುವವರೂ ಅವರೇ!

ನಮ್ಮಮ್ಮನ ಕಾಲದಲ್ಲಿ ಹೋಲ್ಡಾಲು, ತಿರುಗಣೆ ಕೂಜ, ಎರಡು ದಿನಕ್ಕೂ ಕೆಡದ ಪುಳಿಯೋಗರೆ ಇಲ್ಲದೆ ಯಾರೂ ರೈಲು ಹತ್ತುತ್ತಿರಲಿಲ್ಲ. ಅಮ್ಮ ದುಡ್ಡನ್ನು ಮೂರು ಪಾಲು ಮಾಡುತ್ತಿದ್ದಳು. ಒಂದು ಅಪ್ಪನ ಜೇಬಿಗೆ, ಒಂದು ತನ್ನ ಸೊಂಟದ ಚೀಲಕ್ಕೆ, ಇನ್ನೊಂದು ಚಟ್ನಿಪುಡಿ ಡಬ್ಬಿಯ ತಳದಲ್ಲಿ ಕಾಗದ ಸುತ್ತಿ. ‘ಒಂದು ಹೋದರೂ ಇನ್ನೊಂದು ಇರಬೇಕು’ ಎನ್ನುವುದು ಅವಳ ಶಾಸ್ತ್ರ. ಈಗ ನೋಡಿ, ದುಡ್ಡು, ಟಿಕೆಟ್, ಆಧಾರ್, ನೆಂಟರ ನಂಬರುಗಳು ಎಲ್ಲ ಒಂದು ಅಂಗೈಯಗಲದ ಫೋನಿನೊಳಗೆ. ಅದು ಕಳೆದರೆ, ಬೇಡ, ಬ್ಯಾಟರಿ ಮುಗಿದರೂ ಸಾಕು, ನಾವು ಊರು ಹೆಸರಿಲ್ಲದವರು! ಅದಕ್ಕೇ ನಾನು ಟಿಕೆಟ್ಟಿನ, ಆಧಾರಿನ ಜೆರಾಕ್ಸ್ ಪ್ರತಿಯೊಂದನ್ನು ಬೇರೆ ಚೀಲದಲ್ಲಿ ಇಡುತ್ತೇನೆ. ಮಕ್ಕಳಿಗೆ ಎರಡು ಫೋನ್ ನಂಬರನ್ನಾದರೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತೇನೆ.

ಆದರೆ ಫೋನಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. ಮನೆಯ ಸಮಸ್ತ ವಿವರವೂ ಒಬ್ಬ ಹೆಂಗಸಿನ ತಲೆಯಲ್ಲಿ ಮಾತ್ರ ಇರುವುದು! ನಮ್ಮಕ್ಕ ಅತ್ತೆ ಮಾವನವರನ್ನು ಕರೆದುಕೊಂಡು ಕಾಶಿಗೆ ಹೋಗಿದ್ದಾಗ ಇದು ನಮಗೆಲ್ಲ ಅರ್ಥವಾಯಿತು. ಮೂರನೆಯ ದಿನ ಅಕ್ಕನಿಗೇ ವಾಂತಿ ಭೇದಿ ಹತ್ತಿ, ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿ ಮಲಗಿಸಿದರು. ಮಾತಾಡಲೂ ತ್ರಾಣವಿಲ್ಲ. ರಾತ್ರಿ ಊಟದ ಹೊತ್ತಾಯಿತು. ಸಕ್ಕರೆ ಕಾಯಿಲೆಯ ಮಾವನವರಿಗೆ ಊಟಕ್ಕೆ ಮುಂಚೆ ಇನ್ಸುಲಿನ್ ಆಗಬೇಕು. ಬಾಟಲಿ ಇದೆ, ಸಿರಿಂಜ್ ಇದೆ. ಎಷ್ಟು ಯೂನಿಟ್? ಭಾವನವರಿಗೆ ಗೊತ್ತಿಲ್ಲ. ಮಾವನವರನ್ನು ಕೇಳಿದರೆ, “ಅವಳು ಎಷ್ಟು ಚುಚ್ಚುತ್ತಾಳೋ ಅಷ್ಟು” ಎಂದರಂತೆ!

“ಇಪ್ಪತ್ತೋ, ಮೂವತ್ತೋ ಇರಬೇಕು” ಎಂದು ಭಾವನವರ ಅಂದಾಜು. ಪುಣ್ಯಕ್ಕೆ ಅಂದಾಜಿನ ಮೇಲೆ ಚುಚ್ಚಲು ಅವರ ಕೈ ಬರಲಿಲ್ಲ. ಅಕ್ಕ ಮನೆಯ ಬೀಗದಕೈಯನ್ನು ಪಕ್ಕದ ಮನೆಯಾಕೆಗೆ ಕೊಟ್ಟು ಬಂದಿದ್ದಳು, ತುಳಸಿಗೆ ನೀರು ಹಾಕಲೆಂದು. ಆಕೆಗೆ ಫೋನು ಹೋಯಿತು. ಪಾಪ, ಮಾಡುತ್ತಿದ್ದ ಅಡುಗೆ ಬಿಟ್ಟು ಓಡಿ, ಬೀಗ ತೆಗೆದು, ಬೀರುವಿನಲ್ಲಿದ್ದ ಫೈಲು ಹುಡುಕಿ ಡಾಕ್ಟರ ಚೀಟಿ ಓದಿದಳು. ರಾತ್ರಿಗೆ ಬರೆದದ್ದು ಹತ್ತೇ ಯೂನಿಟ್! ಅಂದಾಜಿನಂತೆ ಎರಡರಷ್ಟೋ ಮೂರರಷ್ಟೋ ಏರಿಸಿದ್ದರೆ ಆ ವಯಸ್ಸಾದ ಜೀವ ರಾತ್ರಿ ಸಕ್ಕರೆ ಇಳಿದು ಎಚ್ಚರ ತಪ್ಪುತ್ತಿತ್ತು. ಅದಕ್ಕಿಂತ ಮುಂದಿನದನ್ನು ಹೇಳಲು ನನಗೆ ಮನಸ್ಸಿಲ್ಲ.

ಅಂದಿನಿಂದ ನಮ್ಮಿಬ್ಬರ ಮನೆಯಲ್ಲೂ ಚೀಲದ ಜೊತೆಗೆ ನೋಟ್‌ಬುಕ್ಕಿನ ಒಂದು ಹಾಳೆಯೂ ಸೇರಿತು. ಯಾರಿಗೆ ಯಾವ ಕಾಯಿಲೆ, ಯಾವ ಔಷಧಿ, ಯಾವ ಹೊತ್ತಿಗೆ ಎಷ್ಟು, ಯಾವುದು ಒಗ್ಗುವುದಿಲ್ಲ. ಮಾತ್ರೆಯ ಕಂಪನಿ ಹೆಸರಷ್ಟೇ ಬರೆದರೆ ಸಾಲದು, ಅದರೊಳಗಿನ ಮದ್ದಿನ ಹೆಸರೂ ಬೇಕು. ಬೇರೆ ರಾಜ್ಯದಲ್ಲಿ ಅದೇ ಕಂಪನಿಯದು ಸಿಗದೆ ಹೋಗಬಹುದು. ನಮ್ಮ ಡಾಕ್ಟರ ನಂಬರು, ಪಕ್ಕದ ಮನೆಯ ನಂಬರು. ರೈಲಿನಲ್ಲಿ ಏನಾದರೂ ಆದರೆ 139, ಬೇರೆಲ್ಲಾದರೂ 112. ಭೇದಿಗೆ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇನ್ಸುಲಿನ್ ಬಿಸಿಲಿಗೆ ಬೀಳಬಾರದು, ಮಂಜುಗಡ್ಡೆಗೂ ತಾಗಬಾರದು.

ಮಾತ್ರೆಗಳನ್ನು ಪ್ರವಾಸದ ದಿನಗಳಿಗಷ್ಟೇ ಲೆಕ್ಕ ಹಾಕಿ ಒಯ್ಯುವುದೂ ಸಾಲದು. 2020ರ ಮಾರ್ಚ್ ನೆನಪಿದೆಯಲ್ಲ? 22ಕ್ಕೆ ಪ್ರಯಾಣಿಕರ ರೈಲುಗಳು ನಿಂತವು, 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ನಾಲ್ಕು ದಿನಕ್ಕೆಂದು ಹೋದವರು ವಾರಗಟ್ಟಲೆ ಪರಊರಿನಲ್ಲಿ ಉಳಿದರು. ಅಂಥ ಕಾಲ ಮತ್ತೆ ಬಾರದಿರಲಿ. ಆದರೂ ಮಳೆಗಾಲದಲ್ಲಿ ಘಾಟಿಯ ಮಣ್ಣು ಕುಸಿದು ದಾರಿ ಮುಚ್ಚುವುದು ನಮ್ಮ ಕಡೆ ಹೊಸತೇನಲ್ಲ. ಒಂದು ವಾರದ ಔಷಧಿ ಹೆಚ್ಚಿಗೆ ಇದ್ದರೆ ಭಾರವೇನೂ ಆಗದು.

ಇನ್ನು ಮನೆ ಬಿಡುವ ಮುನ್ನ ಗ್ಯಾಸಿನ ರೆಗ್ಯುಲೇಟರ್ ಮುಚ್ಚುವುದು, ಹಾಲು ಪೇಪರು ಬೇಡವೆನ್ನುವುದು ನಿಮಗೆಲ್ಲ ಗೊತ್ತಿದ್ದದ್ದೇ. ನೀರು ಬಾರದ ದಿನ ತಿರುಗಿಸಿ ಹಾಗೆಯೇ ಬಿಟ್ಟ ನಲ್ಲಿಯನ್ನೂ ಒಮ್ಮೆ ನೋಡಿ. ಹೋದ ಮೇಲೆ ನೀರು ಬಂದರೆ ನಡುಮನೆಯೇ ಗಂಗೆಯಾದೀತು! ರೈಲು ಹತ್ತಿದ ಕೂಡಲೇ ವಾಟ್ಸಾಪಿನಲ್ಲಿ ಫೋಟೋ ಹಾಕುವ ಮಕ್ಕಳಿಗೂ ಸ್ವಲ್ಪ ತಡೆಯಿರೆಂದು ಹೇಳಬೇಕು. ಮನೆಯಲ್ಲಿ ಯಾರೂ ಇಲ್ಲವೆಂದು ಕಳ್ಳರಿಗೆ ನಾವೇ ಆಮಂತ್ರಣ ಪತ್ರಿಕೆ ಹಂಚಿದಂತೆ.

ಹಾಳೆ ಬರೆದಿಟ್ಟರಷ್ಟೇ ಸಾಲದು, ಅದನ್ನು ಓದಿಸಬೇಕು ಕಣ್ರೀ. ನಾನು ಈಗ ಔಷಧಿ ಡಬ್ಬಿ ತುಂಬುವ ಕೆಲಸವನ್ನು ನಮ್ಮವರಿಗೇ ವಹಿಸಿದ್ದೇನೆ. ಮೊದಲ ಸಲ ಅವರು ಒಂದು ಗಂಟೆ ತೆಗೆದುಕೊಂಡರು, ಹದಿನೆಂಟು ಪ್ರಶ್ನೆ ಕೇಳಿದರು. ಕೇಳಲಿ. ನಾನು ಮನೆಯಲ್ಲಿ ಗಟ್ಟಿಯಾಗಿ ಓಡಾಡುತ್ತಿರುವಾಗ ಕೇಳುವುದು ಒಳ್ಳೆಯದಲ್ಲವೇ? ಮಗನ ಬಳಿ ಇನ್ನೊಂದು ಪ್ರತಿ ಇದೆ.

ಮೊದಲೆಲ್ಲ ರೈಲಿನಲ್ಲಿ ಎಲ್ಲರೂ ಮಲಗಿದ ಮೇಲೂ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಪ್ರವಾಸದಲ್ಲಿ ಹೆಂಗಸಿಗೆ ಆಯಾಸವಾಗುವುದು ಚೀಲ ಹೊತ್ತಲ್ಲ, ಎಲ್ಲರ ಅಕಸ್ಮಾತ್ತುಗಳನ್ನೂ ಒಬ್ಬಳೇ ಹೊತ್ತು. ಈಗ ಆ ಹೊರೆ ಮೂರು ಪಾಲಾಗಿದೆ, ಅಮ್ಮನ ದುಡ್ಡಿನ ಹಾಗೆ. ಖಾಕಿ ಚೀಲವನ್ನು ತಲೆದೆಸೆಗಿಟ್ಟುಕೊಂಡು ನಾನೂ ಎಲ್ಲರಂತೆ ನಿದ್ದೆ ಮಾಡುತ್ತೇನೆ.