ಊರೂರಿನ ಮೌನ

ಹಾಡು ಮುಗಿದ ಕೂಡಲೇ ನಾನು ರೆಕಾರ್ಡರ್ ನಿಲ್ಲಿಸುವುದಿಲ್ಲ. ಇನ್ನರ್ಧ ನಿಮಿಷ ಯಾರೂ ಮಾತಾಡಬೇಡಿ ಎಂದು ಕೈಸನ್ನೆಯಲ್ಲೇ ಕೇಳಿಕೊಳ್ಳುತ್ತೇನೆ. ಸಿರುಗುಪ್ಪ ಕಡೆಯ ಹಳ್ಳಿಗಳಲ್ಲಿ ಇದು ಎಲ್ಲರಿಗೂ ಸೋಜಿಗ. “ಹಾಡು ಮುಗೀತಲ್ಲ ಸರ, ಇನ್ನೇನು ಹಿಡಿಯಾಕತ್ತೀರಿ?” ಎನ್ನುತ್ತಾರೆ. ಸುಮ್ಮನಿರೋದನ್ನ ಹಿಡೀತೀನವ್ವಾ ಎಂದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ನಕ್ಕು ಮುಗಿದ ಮೇಲೆ ನಿಜಕ್ಕೂ ಸುಮ್ಮನಾಗುತ್ತಾರೆ. ಧ್ವನಿ ಎಡಿಟಿಂಗ್ ಎಂಬ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಸಾಮಗ್ರಿ ಆ ಅರ್ಧ ನಿಮಿಷವೇ.

ಅದರೊಳಗೆ ಇಡೀ ಊರು ಇರುತ್ತದೆ. ಸಿರುಗುಪ್ಪದಲ್ಲಾದರೆ ತುಂಗಭದ್ರೆಯ ಕಾಲುವೆ ನೀರು ನಿಂತ ಬತ್ತದ ಗದ್ದೆ, ಕಪ್ಪೆ, ಜೀರುಂಡೆ, ದೂರದಲ್ಲೆಲ್ಲೋ ಒಂದು ರೈಸ್‌ಮಿಲ್ಲಿನ ಗುಂಯ್‌ಗುಟ್ಟುವಿಕೆ. ಕುರುಗೋಡಿನಲ್ಲಿ ಬಂಡೆಗಳ ನಡುವೆ ನುಸುಳಿ ಬರುವ ಒಣ ಗಾಳಿ, ಮೇಕೆ ಕೊರಳಿನ ಗಂಟೆ. ಬಳ್ಳಾರಿ ನಗರದೊಳಗೆ ತಲೆಯ ಮೇಲೆ ತಿರುಗುವ ಫ್ಯಾನು, ಪಕ್ಕದ ಓಣಿಯ ಜೀನ್ಸ್ ಹೊಲಿಗೆ ಯಂತ್ರಗಳು, ಅದಿರು ಹೊತ್ತು ನಿಧಾನಕ್ಕೆ ಸಾಗುವ ಗೂಡ್ಸ್ ರೈಲು. ಯಾವುದೂ ಪೂರ್ತಿ ನಿಶ್ಶಬ್ದವಲ್ಲ, ಒಂದರ ಮೌನ ಇನ್ನೊಂದರದಲ್ಲ.

ಇದರ ಉಪಯೋಗ ತಿಳಿಯುವುದು ಕಂಪ್ಯೂಟರಿನ ಮುಂದೆ ಕೂತಾಗ. ಹಾಡಿನ ನಡುವೆ ಯಾರೋ ಕೆಮ್ಮಿದರು ಎನ್ನೋಣ. ಅದಷ್ಟನ್ನೇ ಅಳಿಸಿ ಖಾಲಿ ಬಿಟ್ಟರೆ ಅಲ್ಲೊಂದು ಕಪ್ಪು ಹಳ್ಳ ಬೀಳುತ್ತದೆ. ಕೆಮ್ಮನ್ನು ಕ್ಷಮಿಸುವ ಕಿವಿ ಆ ಹಳ್ಳವನ್ನು ಕ್ಷಮಿಸುವುದಿಲ್ಲ, ಏನೋ ಕಳೆದುಹೋಯಿತೆಂದು ಬೆಚ್ಚುತ್ತದೆ. ಆ ಜಾಗಕ್ಕೆ ಅದೇ ಊರಿನ, ಅದೇ ಹೊತ್ತಿನ ಮೌನದಿಂದ ಒಂದು ತುಣುಕು ತಂದು ಕೂರಿಸಬೇಕು. ಕುರುಗೋಡಿನ ಮಧ್ಯಾಹ್ನವನ್ನು ಸಿರುಗುಪ್ಪದ ರಾತ್ರಿಗೆ ಹಚ್ಚಲು ಬರುವುದಿಲ್ಲ. ಒಂದೇ ಅಂಗಳದ ನಸುಕು ಮತ್ತು ನಡುಹಗಲು ಕೂಡ ಒಂದಕ್ಕೊಂದು ಹೊಂದುವುದಿಲ್ಲ, ಹಕ್ಕಿಗಳು ಬೇರೆ, ಗಾಳಿ ಬೇರೆ.

ಡಿಜಿಟಲ್ ಧ್ವನಿ ಎಂದರೆ ಕೊನೆಗೆ ಅಂಕಿಗಳ ಸಾಲು. ಮೈಕಿನ ತೆಳು ಪೊರೆ ಗಾಳಿಯ ಒತ್ತಡಕ್ಕೆ ಒಳಗೂ ಹೊರಗೂ ಅಲುಗುತ್ತದೆ, ಆ ಅಲುಗಾಟ ಕರೆಂಟಿನ ಏರಿಳಿತವಾಗುತ್ತದೆ, ಯಂತ್ರ ಅದನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಬರೆದಿಡುತ್ತದೆ. ಸಿ.ಡಿ.ಯಲ್ಲಿ ಈ ಅಳತೆ ಸೆಕೆಂಡಿಗೆ 44,100 ಸಲ. ಈ ವಿಚಿತ್ರ ಸಂಖ್ಯೆ ಬಂದದ್ದು ವಿಡಿಯೊ ಟೇಪಿನಿಂದ. ಮೊದಮೊದಲು ಡಿಜಿಟಲ್ ಧ್ವನಿಯನ್ನು ವಿಡಿಯೊ ಟೇಪಿನ ಮೇಲೆಯೇ ಬರೆಯುತ್ತಿದ್ದರು. ಒಂದು ಗೆರೆಗೆ 3 ಅಳತೆ, ಒಂದು ಹಾಯುವಿಕೆಗೆ 245 ಗೆರೆ, ಸೆಕೆಂಡಿಗೆ 60 ಹಾಯುವಿಕೆ. ಗುಣಿಸಿದರೆ ಅಷ್ಟೇ ಬರುತ್ತದೆ. ಅಲೆಯೊಂದನ್ನು ಹಿಡಿಯಲು ಅದರ ಪ್ರತಿ ಸುತ್ತಿಗೆ ಎರಡಕ್ಕಿಂತ ಹೆಚ್ಚು ಅಳತೆ ಬೇಕು. ಮನುಷ್ಯರ ಕಿವಿ ಕೇಳುವುದು ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳವರೆಗೆ, ಆದ್ದರಿಂದ 44,100 ಸಾಕಾಗುತ್ತದೆ. ನಾನು 48,000 ಇಟ್ಟುಕೊಳ್ಳುತ್ತೇನೆ, ವಿಡಿಯೊ ಜೊತೆ ಸೇರಿಸುವಾಗ ಅದೇ ಅನುಕೂಲ.

ಎಷ್ಟು ಸಲ ಅಳೆಯುತ್ತೇವೆ ಎಂಬುದಕ್ಕಿಂತ ಎಷ್ಟು ನವಿರಾಗಿ ಅಳೆಯುತ್ತೇವೆ ಎಂಬುದು ನಮ್ಮ ಕಡೆಯ ಕಲೆಗಳಿಗೆ ಹೆಚ್ಚು ಮುಖ್ಯ. 16 ಬಿಟ್‌ನಲ್ಲಿ 65,536 ಮೆಟ್ಟಿಲುಗಳು. ಒಂದೊಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್ ಲೆಕ್ಕದಲ್ಲಿ ಅತಿ ಮೆಲ್ಲನೆಯದಕ್ಕೂ ಅತಿ ಜೋರಿನದಕ್ಕೂ ನಡುವೆ 96 ಡೆಸಿಬೆಲ್ ಅಂತರ ಸಿಗುತ್ತದೆ. 24 ಬಿಟ್‌ಗೆ ಹೋದರೆ ಲೆಕ್ಕದಲ್ಲಿ ಅದು 144. ಬಯಲಾಟಕ್ಕೆ ಕೂತವರಿಗೆ ಈ ಅಂತರದ ಬೆಲೆ ಗೊತ್ತು. ಸಾರಥಿ ಮೆಲುದನಿಯಲ್ಲಿ ಏನೋ ಕೇಳುತ್ತಿರುತ್ತಾನೆ. ಅಷ್ಟರಲ್ಲಿ ಮದ್ದಳೆ ಏರಿ, ಮುಖವೀಣೆ ಚೀರಿ, ಗದೆ ಹೊತ್ತ ಪಾತ್ರವೊಂದು ಹಲಗೆ ಅದುರುವಂತೆ ಕುಣಿದು ಅಬ್ಬರಿಸುತ್ತದೆ. ಮೆಲುದನಿಗೆ ಹೊಂದಿಸಿಟ್ಟ ಮಟ್ಟ ಆ ಅಬ್ಬರಕ್ಕೆ ತಡೆಯುವುದಿಲ್ಲ. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬೆಲ್ ಎಂಬುದೇ ಮಾಳಿಗೆ. ಅದಕ್ಕೆ ತಾಗಿದ ಅಲೆಯ ತಲೆ ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ, ಗರಗರ ಎಂಬ ಸದ್ದು ಉಳಿಯುತ್ತದೆ. ಮುರಿದ ತುದಿಯನ್ನು ಊಹಿಸಿ ಕಟ್ಟಿಕೊಡುವ ಉಪಾಯಗಳು ಈಗ ಇವೆ, ಆದರೆ ಅದು ಊಹೆಯೇ ಹೊರತು ಆ ರಾತ್ರಿಯ ದನಿಯಲ್ಲ. ಆದ್ದರಿಂದ ಆಟ ಶುರುವಾಗುವ ಮುನ್ನ ಮೇಳದವರನ್ನು ಒಂದು ಸಲ ಪೂರಾ ಜೋರಿನಲ್ಲಿ ಬಾರಿಸಲು ಹೇಳಿ, ಆಗಲೂ ಮೀಟರಿನ ಮುಳ್ಳು ಮೈನಸ್ 12ರ ಆಸುಪಾಸು ನಿಲ್ಲುವಂತೆ ನೋಡಿಕೊಳ್ಳುತ್ತೇನೆ. 24 ಬಿಟ್‌ನಲ್ಲಿ ಹಿಡಿದದ್ದು ಮೆಲ್ಲಗಿದ್ದರೆ ಆಮೇಲೆ ಏರಿಸಬಹುದು.

ಇನ್ನು ಕತ್ತರಿಯ ಕೆಲಸ. ನಾನು ಬಳಸುವುದು ಅಡಾಸಿಟಿ. 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಮಿನಿಕ್ ಮಜೋನಿ, ರೋಜರ್ ಡ್ಯಾನೆನ್‌ಬರ್ಗ್ ಶುರು ಮಾಡಿ, ಮರುವರ್ಷ ಜಗತ್ತಿಗೆಲ್ಲ ಬಿಟ್ಟಿಯಾಗಿ ಕೊಟ್ಟ ತಂತ್ರಾಂಶ. ತೆರೆಯ ಮೇಲೆ ಹಾಡು ನೀಲಿ ಗುಡ್ಡಸಾಲಾಗಿ ಹರಡಿಕೊಳ್ಳುತ್ತದೆ. ಹಿಗ್ಗಿಸುತ್ತ ಹೋದರೆ ಗುಡ್ಡ ಕರಗಿ ಒಂದೇ ಗೆರೆ ಉಳಿಯುತ್ತದೆ, ಸೊನ್ನೆಯ ಮೇಲಕ್ಕೂ ಕೆಳಕ್ಕೂ ಬಳುಕುವ ಗೆರೆ. ಅದು ಸೊನ್ನೆಯನ್ನು ದಾಟುವ ಬಿಂದುವಿನಲ್ಲೇ ಕತ್ತರಿಸಬೇಕು. ನಡುಎತ್ತರದಲ್ಲಿ ಕತ್ತರಿಸಿದರೆ ಸೇರಿಸಿದ ಜಾಗದಲ್ಲಿ ಟಿಕ್ ಎನ್ನುತ್ತದೆ. ಎರಡು ತುಣುಕುಗಳ ಅಂಚನ್ನು ಒಂದರ ಮೇಲೊಂದು ತುಸು ಹಾಯಿಸಿ, ಒಂದು ಇಳಿಯುತ್ತಿದ್ದಂತೆ ಇನ್ನೊಂದು ಏರುವಂತೆ ಮಾಡುವುದು ಕ್ರಾಸ್‌ಫೇಡ್. ಮಾತಿಗೆ ಹತ್ತಿಪ್ಪತ್ತು ಮಿಲಿಸೆಕೆಂಡು ಸಾಕು, ಹಿನ್ನೆಲೆಯ ಮೌನಕ್ಕೆ ಉದ್ದವಿದ್ದಷ್ಟೂ ಒಳ್ಳೆಯದು.

ಎಲ್ಲಿ ಕತ್ತರಿಸಬೇಕು ಎಂಬುದನ್ನು ಮಾತ್ರ ತಂತ್ರಾಂಶ ಹೇಳುವುದಿಲ್ಲ. ಅದನ್ನು ನನಗೆ ಕಲಿಸಿದ್ದು ನಮ್ಮ ಕಥೆ ಹಾಡುವವರು. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮ ಅಕ್ಷರ ಕಲಿತವರಲ್ಲ. ಆದರೂ ರಾತ್ರಿಗಟ್ಟಲೆ ಹಾಡುವ ಹಲವು ಮಹಾಕಥನಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಅವರು ತೀರಿಕೊಂಡದ್ದು 2014ರಲ್ಲಿ. ಬುರ್ರಕಥೆಯಲ್ಲಿ ಮುಖ್ಯ ಕಥೆಗಾರ್ತಿ ಸಾಲು ಮುಗಿಸುವ ಹೊತ್ತಿಗೆ ಪಕ್ಕದವರು ಪಲ್ಲವಿ ಎತ್ತಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಆಕೆ ಉಸಿರು ತುಂಬಿಕೊಂಡು ಮುಂದಿನ ಸಾಲನ್ನು ನೆನಪಿನಿಂದ ಎಳೆದುಕೊಳ್ಳುತ್ತಾಳೆ. ಕಥೆಯ ಹೊಲಿಗೆಗಳು ಇರುವುದೇ ಅಲ್ಲಿ. ಕತ್ತರಿ ಹಾಕಲೇಬೇಕಾದರೆ ಆ ಹೊಲಿಗೆಯ ಮೇಲೆ ಹಾಕಬೇಕು, ಉಸಿರನ್ನು ಅದರ ಮುಂದಿನ ಸಾಲಿಗೇ ಬಿಡಬೇಕು. ಉಸಿರುಗಳನ್ನೆಲ್ಲ ಹುಡುಕಿ ಅಳಿಸುವ ಸೌಲಭ್ಯ ಈಗ ಒಂದು ಗುಂಡಿ ಒತ್ತಿದರೆ ಸಿಗುತ್ತದೆ. ನಾನದನ್ನು ಒತ್ತುವುದಿಲ್ಲ. ಉಸಿರು ಕಿತ್ತ ಹಾಡಿಗೆ ದಣಿವೂ ಇಲ್ಲ, ಹುರುಪೂ ಇಲ್ಲ.

ಬಳ್ಳಾರಿಯ ಹಾಡಿಕೆಯಲ್ಲಿ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಶುರುವಾದ ಸಾಲು ತೆಲುಗಿನಲ್ಲಿ ಮುಗಿಯಬಹುದು, ಹಾಡುವವರಿಗೆ ಅದು ಗಮನಕ್ಕೂ ಬಂದಿರುವುದಿಲ್ಲ. ಎರಡೂ ಬಲ್ಲ ಕಿವಿಯಿಲ್ಲದೆ ಇಲ್ಲಿ ಎಡಿಟಿಂಗ್‌ಗೆ ಕೂರಬಾರದು.

ನಗರದ ಧ್ವನಿಮುದ್ರಣದಲ್ಲಿ ಕಾಡುವುದು ಕರೆಂಟಿನ ಗುಂಗು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸುತ್ತು ಹಿಂದೆ ಮುಂದೆ ತೂಗುತ್ತದೆ. ಗಟ್ಟಿಯಾದ ವೈರು, ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಅದೇ 50, ಅದರ ಜೊತೆಗೆ 100, 150, 200 ಎಂದು ಅದರ ಗುಣಕಗಳೆಲ್ಲ ಹಾಡಿನ ಕೆಳಗೆ ಗುಂಯ್‌ಗುಡುತ್ತವೆ. ಇದು ಸುಲಭದ ರೋಗ, ವಿಳಾಸ ಗೊತ್ತಿರುವುದರಿಂದ ಆ ಒಂದೊಂದೇ ಕಂಪನದ ಮೇಲೆ ಸಪೂರ ಕಂದಕ ತೋಡಿ ಇಳಿಸಬಹುದು. ಗಾಳಿಯ ಹೊಡೆತ, ದೂರದ ಲಾರಿ, ನೆಲದ ಅದುರು ಬಹುತೇಕ 80ಕ್ಕಿಂತ ಕೆಳಗೆ ಇರುತ್ತವೆ. ಹೆಣ್ಣುದನಿಯ ಹಾಡಿಗೆ ಅಲ್ಲಿ ಏನೂ ಕೆಲಸವಿಲ್ಲ, ಹೈಪಾಸ್ ಫಿಲ್ಟರ್ ಹಾಕಿ ತೆಗೆದುಬಿಡುತ್ತೇನೆ. ಮದ್ದಳೆಯ ಎಡಗಡೆಯ ಗುಮುಕು ಇದ್ದರೆ ಮಾತ್ರ ಕೈ ಹಿಡಿದು ನಡೆಯಬೇಕು.

ಫ್ಯಾನಿನ ಸುಯ್ಯೆನ್ನುವ ಸದ್ದು ಹಾಗಲ್ಲ, ಅದು ಎಲ್ಲ ಕಂಪನಗಳಲ್ಲೂ ಹರಡಿರುತ್ತದೆ. ಬಳ್ಳಾರಿಯ ಏಪ್ರಿಲ್ಲಿನಲ್ಲಿ ವಯಸ್ಸಾದ ಹಾಡುಗಾರ್ತಿಗೆ ಫ್ಯಾನ್ ಆರಿಸಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇಲ್ಲಿ ಆ ಅರ್ಧ ನಿಮಿಷದ ಮೌನ ಎರಡನೆಯ ಸಲ ಕೈಹಿಡಿಯುತ್ತದೆ. ಅದನ್ನು ಮಾದರಿಯಾಗಿ ತೋರಿಸಿದರೆ, ತಂತ್ರಾಂಶ ಯಾವ ಕಂಪನದಲ್ಲಿ ಎಷ್ಟು ಗದ್ದಲವಿದೆ ಎಂದು ಲೆಕ್ಕ ಹಾಕಿ ಇಡೀ ಹಾಡಿನಲ್ಲಿ ಅಷ್ಟನ್ನು ತಗ್ಗಿಸುತ್ತದೆ. ಇದು ಮೊರದಲ್ಲಿ ಅಕ್ಕಿ ಕೇರುವ ಕೆಲಸ, ಜೋರಾಗಿ ಕೇರಿದರೆ ಹೊಟ್ಟಿನ ಜೊತೆ ನುಚ್ಚೂ ಹಾರಿಹೋಗುತ್ತದೆ. ಸ, ಶ, ಫ ಅಕ್ಷರಗಳೆಲ್ಲ ಸದ್ದಿನ ಸಂಬಂಧಿಗಳೇ, ಅವು ಮೊದಲು ಸಾಯುತ್ತವೆ. ಉಳಿದ ದನಿ ನೀರಿನೊಳಗಿಂದ ಬಂದಂತೆ ಗುಳುಗುಳು ಎನ್ನುತ್ತದೆ. 6 ಡೆಸಿಬೆಲ್ ತಗ್ಗಿಸಿ ನಿಲ್ಲಿಸುವುದು ನನ್ನ ರೂಢಿ, ಹೆಚ್ಚೆಂದರೆ 9.

ತೆಗೆಯಬಾರದ ಸದ್ದುಗಳೂ ಇವೆ. ಸಿರುಗುಪ್ಪದ ಬಳಿ ಒಬ್ಬ ಅಜ್ಜಿ ಬೀಸುವ ಪದ ಹಾಡಿಕೊಟ್ಟಿದ್ದರು. ಎಡಿಟ್ ಮಾಡಿದ್ದನ್ನು ಫೋನಿನಲ್ಲಿ ಕೇಳಿಸಿದಾಗ ಹಾಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ. “ಏ, ನಮ್ಮ ಕೋಳಿ ಐತಲ್ಲ ಇದ್ರಾಗ!” ಎಂದು ಮೊಮ್ಮಗಳನ್ನು ಕೂಗಿ ಕರೆದರು. ಕೋಳಿ ಹಾಡಿನ ಸಾಲುಗಳ ನಡುವೆ ಕೂಗಿತ್ತು, ಒಂದೇ ಒಂದು ಅಕ್ಷರವನ್ನೂ ಮುಚ್ಚಿರಲಿಲ್ಲ. ಅದಕ್ಕೇ ಉಳಿಸಿದ್ದೆ.

ಕುರುಗೋಡಿನಲ್ಲಿ ಸವಾಲು ಬೇರೆ. ಸಿಂದರು ಆಳಿದ ಊರು, ಸುತ್ತ ಬೆಣಚು ಬಂಡೆಗಳ ಗುಡ್ಡ, ದೊಡ್ಡಬಸವೇಶ್ವರನ ಗುಡಿಯಲ್ಲಿ ಆಳೆತ್ತರ ಮೀರಿದ ಏಕಶಿಲಾ ಬಸವ. ಕಲ್ಲಿನ ಮಂಟಪದಲ್ಲಿ ವಚನ ಹಾಡಿದರೆ ದನಿ ಗೋಡೆಗೋಡೆಗೆ ತಾಗಿ ಮರಳುತ್ತದೆ. ಎದುರಿಗೆ ಕೂತವರಿಗೆ ಅದು ಪರಮಸುಖ, ಮೈಕಿಗೆ ಗೊಂದಲ. ನಮ್ಮ ಎರಡು ಕಿವಿಗಳು ನೇರ ಬಂದ ದನಿ ಯಾವುದು, ಮರಳಿ ಬಂದದ್ದು ಯಾವುದು ಎಂದು ಬೇರ್ಪಡಿಸಿಕೊಳ್ಳುತ್ತವೆ, ಒಂಟಿ ಮೈಕಿಗೆ ಆ ವಿವೇಕವಿಲ್ಲ. ಒಮ್ಮೆ ಬೆರೆತ ಅನುರಣನವನ್ನು ಪೂರ್ತಿ ಬಿಡಿಸುವ ವಿದ್ಯೆಯೂ ಇಲ್ಲ. ಇರುವ ಮದ್ದು ಹತ್ತಿರ ಹೋಗುವುದೊಂದೇ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದರೆ ನೇರ ದನಿ 6 ಡೆಸಿಬೆಲ್ ಏರುತ್ತದೆ, ಕಲ್ಲಿನ ಮರುದನಿ ಇದ್ದಲ್ಲೇ ಇರುತ್ತದೆ. ಒಂದು ಮೈಕನ್ನು ಗೇಣುದೂರಕ್ಕೂ ಇನ್ನೊಂದನ್ನು ಮಂಟಪದ ಆ ಕೊನೆಗೂ ಇಟ್ಟು ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿದರೆ, ಮನೆಗೆ ಬಂದ ಮೇಲೆ ಎಷ್ಟು ವಚನ, ಎಷ್ಟು ಗುಡಿ ಎಂದು ನಿಧಾನವಾಗಿ ಬೆರೆಸಬಹುದು. ಆ ಬೆರಕೆಯಲ್ಲಿ ಸಂಜೆಗಳು ಕಳೆದುಹೋಗುತ್ತವೆ, ಕಳೆದುದಕ್ಕೆ ಬೇಸರವಿಲ್ಲ.

ಕಂಪ್ರೆಸರ್, ಈಕ್ವಲೈಜರ್‌ಗಳ ಬಗ್ಗೆ ಪುಸ್ತಕಗಳೇ ಇವೆ. ಮಿತಿ ಮೀರಿದ ಜೋರನ್ನು ಒಂದು ಪ್ರಮಾಣದಲ್ಲಿ ತಗ್ಗಿಸುವುದು ಮೊದಲನೆಯದು, ಮಂದ್ರ ತಾರಗಳ ಪಾಲನ್ನು ತಿದ್ದುವುದು ಎರಡನೆಯದು. ಜನಪದ ಹಾಡಿಗೆ ಎರಡನ್ನೂ ಚಿಟಿಕೆಯಷ್ಟು ಬಳಸಿದರೆ ಸಾಕು.

ಬಳ್ಳಾರಿಯ ಮಗ್ಗುಲಲ್ಲೇ, ಸಂಗನಕಲ್ಲು ಕಪ್ಪಗಲ್ಲುಗಳ ನಡುವಿನ ಹಿರೇಗುಡ್ಡದಲ್ಲಿ ನಾದ ಕೊಡುವ ಬಂಡೆಗಳಿವೆ. ನವಶಿಲಾಯುಗದವರು ಗೂಳಿಗಳ ಚಿತ್ರ ಕುಟ್ಟಿ ಮೂಡಿಸಿದ ಕಪ್ಪು ಡಾಲರೈಟ್ ಕಲ್ಲುಸಾಲು ಅದು. ಫಾಸೆಟ್ ಎಂಬಾತ 1892ರಲ್ಲಿ ಇದರ ಬಗ್ಗೆ ಬರೆದ. 2004ರಲ್ಲಿ ನಿಕೋಲ್ ಬೊಯ್ವಿನ್ ಅವರ ಲೇಖನ ಇಲ್ಲಿನ ಕಲ್ಲುಗಂಟೆಗಳನ್ನು ಜಗತ್ತಿಗೆ ಮತ್ತೆ ಪರಿಚಯಿಸಿತು. ಬಡಿದು ಬಡಿದು ಸವೆದ ಬಟ್ಟಲುಗುಳಿಗಳು ಕೆಲವು ಬಂಡೆಗಳ ಮೈಮೇಲಿವೆ. ಅಲ್ಲಿ ಇನ್ನೊಂದು ಕಲ್ಲು ತಾಗಿಸಿದರೆ ಗಂಟೆಯ ನಾದ ಬರುತ್ತದೆ. ಹಾಗೆ ತಾಗಿಸಿದ ಪ್ರತಿ ಪೆಟ್ಟೂ ಆ ಗುಳಿಯನ್ನು ತುಸು ಸವೆಸುತ್ತದಲ್ಲವೇ? ಮುದ್ರಣದ ಬೆಲೆ ನನಗೆ ಅಲ್ಲಿ ಕಂಡಷ್ಟು ಬೇರೆಲ್ಲೂ ಕಂಡಿಲ್ಲ. ಗಾಳಿಗೆ ತುಪ್ಪಳದ ಗವಸು ತೊಡಿಸಿದ ಮೈಕಿನಲ್ಲಿ ಒಂದೇ ಒಂದು ಮೆಲುಪೆಟ್ಟು ಹಿಡಿದರೆ, ಮತ್ತೆ ಬಂಡೆ ಮುಟ್ಟದೆ ಎಷ್ಟು ಸಲವಾದರೂ ಕೇಳಬಹುದು, ನಿಧಾನಗೊಳಿಸಬಹುದು, ಕಂಪನಗಳನ್ನು ಚಿತ್ರವಾಗಿ ಹರಡಿ ನೋಡಬಹುದು. ಆ ಚಿತ್ರದಲ್ಲಿ ಕಲ್ಲಿನ ಗೆರೆಗಳು ಒಂದಕ್ಕೊಂದು ಲೆಕ್ಕಕ್ಕೆ ಸಿಗದ ಅಂತರದಲ್ಲಿ ನಿಂತಿರುತ್ತವೆ. ಅದರ ಪಕ್ಕ ಮದ್ದಳೆಯ ಬಲಗಡೆಯ ಪೆಟ್ಟನ್ನು ಇಟ್ಟು ನೋಡಿ, ಗೆರೆಗಳು ಹೆಚ್ಚುಕಡಿಮೆ ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲುತ್ತವೆ. ಚರ್ಮದ ನಡುವಿನ ಕಪ್ಪು ಲೇಪ, ಅಂದರೆ ಕರಣೆ, ಮೃದಂಗಕ್ಕೆ ಈ ಶ್ರುತಿಶಿಸ್ತು ತರುತ್ತದೆಂದು ಸಿ.ವಿ. ರಾಮನ್ 1920ರಲ್ಲೇ ತೋರಿಸಿದ್ದರು. ಅದನ್ನು ಇಂದು ಮನೆಯಲ್ಲೇ ಕೂತು ಕಣ್ಣಾರೆ ಕಾಣುವುದೆಂದರೆ ನನಗೆ ಹಬ್ಬ.

ಎಲ್ಲ ಮುಗಿದ ಮೇಲೆ ಮೂಲವನ್ನು ಮುಟ್ಟದೆ ವೇವ್ ಫೈಲಾಗಿಯೇ ಎರಡು ಬೇರೆ ಡಿಸ್ಕುಗಳಲ್ಲಿ ಇಡುತ್ತೇನೆ. 48,000, 24 ಬಿಟ್, ಸ್ಟೀರಿಯೊ ಎಂದರೆ ಗಂಟೆಗೆ 1 ಜಿ.ಬಿ.ಗೂ ತುಸು ಹೆಚ್ಚು, ಈಗಿನ ಡಿಸ್ಕುಗಳಿಗೆ ಅದೇನು ಭಾರವಲ್ಲ. ಎಂಪಿ-3 ಹಂಚಲು ಮಾತ್ರ. ಅದು ಕಿವಿಗೆ ತಿಳಿಯದೆಂದು ತಾನೇ ನಿರ್ಧರಿಸಿದ್ದನ್ನು ಎಸೆದುಬಿಡುತ್ತದೆ, ಅದನ್ನೇ ಮತ್ತೆ ತಿದ್ದಿ ಉಳಿಸಿದರೆ ಇನ್ನಷ್ಟು ಎಸೆಯುತ್ತದೆ. ಹಾಡಿದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗಲೂ ಡಾಕ್ಯುಮೆಂಟ್ ಎಂದೇ ಕಳಿಸುತ್ತೇನೆ.

ಕುರುಗೋಡು ಕಡೆಯ ಒಂದು ಊರಿನಲ್ಲಿ ಈಗ ರಾತ್ರಿ ಬಯಲಾಟ ಕಲಿಯುತ್ತಿದ್ದಾರೆ, ಬೇಸಿಗೆಗೆ ಆಟ. ಮದ್ದಳೆಗೆ ಒಂದು ಮೈಕು, ಹಾಡುವವರಿಗೆ ಒಂದು, ಜನರ ಕೂಗಿಗೆ ದೂರದಲ್ಲೊಂದು ಎಂದು ಹಾಳೆಯ ಮೇಲೆ ಬರೆದುಕೊಂಡು ಹೋಗಿ ತೋರಿಸಿದೆ. ಕಲಿಸುವ ಮೇಷ್ಟ್ರು ನೋಡಿ, “ಎಲ್ಲಾ ಸರಿ ಐತ್ರಿ, ಆದ್ರ ಪಾತ್ರದವ್ರು ಒಂದ್ಕಡಿ ನಿಲ್ಲಂಗಿಲ್ಲಲ್ರಿ” ಎಂದರು. ಉಗುರಿನಷ್ಟು ಸಣ್ಣ ಮೈಕನ್ನು ಕಿರೀಟದ ಅಂಚಿನಲ್ಲಿ ಅಡಗಿಸಿ ಕಟ್ಟಬಹುದೇ ಎಂದು ಕೇಳಿದ್ದೇನೆ. ಕಿರೀಟ ಕಟ್ಟುವವರು ಮುಂದಿನ ಸಲ ಮೈಕು ತಂದು ತೋರಿಸಿರಿ, ಮಣಿಸರದ ಹಿಂದೆ ಜಾಗ ಹುಡುಕೋಣ ಎಂದಿದ್ದಾರೆ.