ಮನೆಬಂಡಿಯಲ್ಲಿ ಬಾದಾಮಿಗೆ

ಮಲಗಲು ಮಂಚ, ಅಡಿಗೆಗೆ ಒಲೆ, ನೀರಿಗೆ ತೊಟ್ಟಿ, ಔಷಧ-ಹಾಲುಗಳಿಗೆ ತಂಪುಪೆಟ್ಟಿಗೆ, ಇಷ್ಟನ್ನೂ ಒಡಲಲ್ಲಿರಿಸಿಕೊಂಡು ಓಡುವ ಮೋಟಾರು ಬಂಡಿಗಳು ಈಗ ನಮ್ಮ ಪುಣೆಯಲ್ಲಿಯೂ ಬಾಡಿಗೆಗೆ ದೊರೆಯುತ್ತವೆ. ಮೊಣಕಾಲು ನೋವಿನ ತಾಯಿಯವರನ್ನು ರೈಲು, ಬಸ್ಸುಗಳಲ್ಲಿ ಹತ್ತಿಸಿ ಇಳಿಸುವುದಕ್ಕಿಂತ ಇದೇ ಮೇಲೆಂದು, ಕಳೆದ ಮೇ ತಿಂಗಳ ರಜೆಯಲ್ಲಿ ನಾವು ಐವರು ಇಂಥದೊಂದು ಬಂಡಿಯಲ್ಲಿ ಬಾದಾಮಿಗೆ ಹೊರಟೆವು. ಕುಲದೇವತೆ ಬನಶಂಕರಿಯ ದರ್ಶನ ತಾಯಿಯವರ ಬಹುದಿನದ ಬಯಕೆ.

ಸೊಲ್ಲಾಪುರ ಹಿಂದಾಯಿತು. ವಿಜಯಪುರದ ಗೋಳಗುಮ್ಮಟವನ್ನು ಮಕ್ಕಳು ಕಿಟಕಿಯಿಂದಲೇ ಕಂಡು ಕೂಗಿದರು. ಕೊಲ್ಹಾರದ ಬಳಿ ಕೃಷ್ಣೆಯನ್ನು ದಾಟಿ ಬಾದಾಮಿ ಸೇರುವಷ್ಟರಲ್ಲಿ ಕೆಂಪು ಬಂಡೆಗಳ ಮೇಲೆ ಸಂಜೆಬಿಸಿಲು. ಊರ ಹೊರಗೆ ಪರಿಚಿತರೊಬ್ಬರ ತೋಟದಲ್ಲಿ ಬಂಡಿ ನಿಂತಿತು.

ರಾತ್ರಿ ಹತ್ತರ ಸುಮಾರಿಗೆ ದೀಪಗಳು ಮಂಕಾದವು. ಸ್ವಲ್ಪ ಹೊತ್ತಿನಲ್ಲಿಯೇ ತಂಪುಪೆಟ್ಟಿಗೆಯೂ ಸುಮ್ಮನಾಯಿತು. ಅದರಲ್ಲಿ ತಾಯಿಯವರ ಇನ್ಸುಲಿನ್ ಇದ್ದಿತು. ಆ ಸೆಕೆಯಲ್ಲಿ ಅದನ್ನು ಹೊರಗಿಡುವಂತಿರಲಿಲ್ಲ. ತೋಟದ ಕಾವಲುಗಾರನು ಕೊಟ್ಟ ಮಣ್ಣಿನ ಗಡಿಗೆಯ ತಣ್ಣೀರಿನಲ್ಲಿ, ನೀರು ಸೋಕದಂತೆ ಡಬ್ಬಿಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಸುತ್ತಿ ಬೆಳಗು ಮಾಡಿದೆವು.

“ಬ್ಯಾಟರಿ ಸತ್ತಿದೆ. ಹೊಸದು ಹಾಕಿಸಬೇಕು, ಇಲ್ಲವೆ ಇಂದೇ ಹಿಂದಿರುಗಬೇಕು” ಎಂದು ಚಾಲಕನು ತೀರ್ಪು ಕೊಟ್ಟನು. ಹೊಸ ಬ್ಯಾಟರಿಯ ಬೆಲೆ ಗುಮಾಸ್ತರ ಜೇಬಿಗೆ ಹಗುರವಲ್ಲ. ತಾಯಿಯವರು ಮಾತ್ರ, “ಇಷ್ಟು ದೂರ ಬಂದು ತಾಯಿ ಮುಖಾ ನೋಡದ ಹೋಗೂದೇನಪಾ?” ಎಂದರು.

ಪೇಟೆಯಿಂದ ಬ್ಯಾಟರಿ ರಿಪೇರಿಯ ಮುದುಕರೊಬ್ಬರನ್ನು ಕರೆತಂದೆವು. ಅವರು ಮೊದಲು ಕೇಳಿದ್ದು, “ಗಾಡಿ ಚಾಲೂ ಆಗತೈತೇನ್ರಿ?” ಎಂದು. ಆಗುತ್ತಿತ್ತು. ಏಕೆಂದರೆ ಇಂಥ ಬಂಡಿಯಲ್ಲಿ ಬ್ಯಾಟರಿಗಳು ಎರಡು: ಒಂದು ಎಂಜಿನ್ನಿಗೆ, ಇನ್ನೊಂದು ಮನೆಯ ದೀಪ-ಪೆಟ್ಟಿಗೆಗಳಿಗೆ. ಎಂಜಿನ್ ಓಡುವಾಗ ಒಂದೇ ಡೈನಮೋ ಎರಡಕ್ಕೂ ವಿದ್ಯುತ್ತು ತುಂಬುತ್ತದೆ. ಎಂಜಿನ್ ನಿಂತೊಡನೆ ನಡುವಿನ ರಿಲೇ ಎರಡನ್ನೂ ಬೇರ್ಪಡಿಸುತ್ತದೆ, ಮನೆಯ ಖರ್ಚು ಎಂಜಿನ್ನಿನ ಗಂಟನ್ನು ಮುಟ್ಟಬಾರದೆಂದು.

ಮುದುಕರು ಮೀಟರು ಹಿಡಿದರು. ಮನೆಯ ಬ್ಯಾಟರಿಯಲ್ಲಿ ೧೧.೭ ವೋಲ್ಟು. ತುಂಬಿದ ೧೨ ವೋಲ್ಟಿನ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು ೧೨.೭ ತೋರಿಸಬೇಕು. ಎಂಜಿನ್ ಹಚ್ಚಿದಾಗ ಎಂಜಿನ್ನಿನ ಬ್ಯಾಟರಿ ೧೪.೨ಕ್ಕೆ ಏರಿತು, ಮನೆಯದು ೧೧.೭ರಲ್ಲಿಯೇ ಉಳಿಯಿತು.

“ಬ್ಯಾಟರಿ ಸತ್ತಿಲ್ರಿ ಸಾಹೇಬ್ರ. ಅದಕ್ಕ ಊಟ ಹೋಗೂ ಹಾದಿ ಕಟ್ಟೈತಿ” ಎಂದರು ಮುದುಕರು.

ಬಳಿಕ ಆ ಹಾದಿಯನ್ನು ಹೆಜ್ಜೆಹೆಜ್ಜೆಯಾಗಿ ಶೋಧಿಸಿದರು. ಫ್ಯೂಸು ನೆಟ್ಟಗಿತ್ತು. ರಿಲೇ ದಾಟಿದ ಮೇಲೂ ೧೪.೨. ತಂತಿಯ ತುದಿಯಲ್ಲಿಯೂ ೧೪.೨. ಆದರೆ ಆ ತುದಿ ಕೂತಿದ್ದ ಬ್ಯಾಟರಿಯ ಕಂಬದಲ್ಲಿ ೧೧.೭! ನಡುವೆ ಇದ್ದುದು ಹಸಿರು-ಬಿಳಿ ಕಿಲುಬು, ಸಡಿಲಾದ ನಟ್ಟು. ಎಂಜಿನ್ ನಿಲ್ಲಿಸಿ, ಋಣ ತಂತಿಯನ್ನು ಮೊದಲು ಬಿಚ್ಚಿ, ಅಡಿಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ಉಜ್ಜಿ, ಬಿಗಿದು, ವ್ಯಾಸಲೀನ್ ಸವರಿದರು. ಋಣ ತಂತಿಯನ್ನು ಕಡೆಯಲ್ಲಿ ಜೋಡಿಸಿದರು. ಎಂಜಿನ್ ಹಚ್ಚಿದೊಡನೆ ತಂಪುಪೆಟ್ಟಿಗೆ ಗುಂಯ್ ಎಂದಿತು. ಅವರ ಮಾತನ್ನು ಬಾಯಿ ತೆರೆದು ಕೇಳುತ್ತಿದ್ದ ನಮ್ಮ ಮಕ್ಕಳು ‘ಹಾದಿ ಕಟ್ಟೈತಿ’ ಎಂಬುದನ್ನು ಕಲಿತು, ಪ್ರಯಾಣದುದ್ದಕ್ಕೂ ಎಲ್ಲದಕ್ಕೂ ಅದನ್ನೇ ಹೇಳಿದರು.

ಬನಶಂಕರಿ ಅಲ್ಲಿಂದ ಐದಾರು ಕಿಲೋಮೀಟರು. ಗುಡಿಯೆದುರಿನ ಹೊಂಡದ ಕಲ್ಲುಮಂಟಪದ ನೆರಳಲ್ಲಿ ತಾಯಿಯವರು ಬಹಳ ಹೊತ್ತು ಕುಳಿತರು. ಸಂಜೆ ಮಕ್ಕಳು ಬೆಟ್ಟವೇರಿ, ಕ್ರಿ.ಶ. ೫೭೮ರಲ್ಲಿ ಮಂಗಳೇಶನು ಬರೆಸಿದ ಶಾಸನವಿರುವ ಮೂರನೆಯ ಗುಹೆಯನ್ನು ನೋಡಿ ಬಂದರು.

ಇಂಥ ಬಂಡಿಯಲ್ಲಿ ಊರಿಗೆ ಹೊರಡುವ ಬಂಧುಗಳಿಗೆ ಎರಡು ಮಾತು. ಮುಂಗಡ ಕೊಡುವ ಮೊದಲು ಎಂಜಿನ್ ಹಚ್ಚಿಸಿ, ಮನೆಯ ಬ್ಯಾಟರಿಯ ಕಂಬದಲ್ಲಿಯೇ ವೋಲ್ಟು ಅಳೆಸಿರಿ. ಕೆಲವು ನೂರು ರೂಪಾಯಿಯ ಮೀಟರು ಸಾಕು. ೧೫೦೦ ವ್ಯಾಟಿನ ಕೆಟಲನ್ನು ಇನ್ವರ್ಟರಿಗೆ ಹಚ್ಚಿದರೆ ಬ್ಯಾಟರಿಯಿಂದ ೧೨೫ ಆಂಪಿಯರಿಗೂ ಮಿಗಿಲಾಗಿ ಹರಿಯುತ್ತದೆ; ಆದ್ದರಿಂದ ಚಹಾ ಒಲೆಯ ಮೇಲೆಯೇ ಆಗಲಿ.