ಪುಷ್ಪಕ್ ಇಳಿದ ಬೆಳಿಗ್ಗೆ, ಜಾಮರ್ ಲೆಕ್ಕ

2024ರ ಜೂನ್ 23, ಭಾನುವಾರ, ಬೆಳಿಗ್ಗೆ ಏಳು ದಾಟಿದೆ. ನಾಯಕನಹಟ್ಟಿ ಕಡೆಯ ರಸ್ತೆಯಲ್ಲಿ, ಕುದಾಪುರದ ಹತ್ತಿರ ಬೈಕ್ ನಿಲ್ಲಿಸಿದ್ದೀರಿ. ಒಂದು ಕಾಲಕ್ಕೆ ಅಮೃತಮಹಲ್ ದನ ಮೇಯುತ್ತಿದ್ದ ಕಾವಲಿಗೆ ಈಗ ಕಾಂಪೌಂಡ್ ಬಿದ್ದಿದೆ. ಒಳಗೆ ಡಿಆರ್‌ಡಿಒ ರನ್‌ವೇ. ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಚಿನೂಕ್ ಹೆಲಿಕಾಪ್ಟರ್, ಅದರ ಹೊಟ್ಟೆಯಡಿ ಇಸ್ರೊದ ರೆಕ್ಕೆಯುಳ್ಳ ಮರುಬಳಕೆ ವಾಹನ, ಪುಷ್ಪಕ್.

7.10. ಕೈಬಿಟ್ಟರು.

ಒಳಗೆ ಪೈಲಟ್ ಇಲ್ಲ. ಪುಷ್ಪಕ್ ತಾನೇ ದಾರಿ ತಿದ್ದಿಕೊಂಡು, ರೇಡಾರ್ ಆಲ್ಟಿಮೀಟರಿನ ರೇಡಿಯೊ ಅಲೆಯಿಂದ ನೆಲದ ದೂರ ಅಳೆಯುತ್ತಾ ಇಳಿಯುತ್ತಿದೆ. ನೆಲ 300 ಮೀಟರ್ ಕೆಳಗಿದ್ದರೆ ಅಲೆ ಹೋಗಿ ಬರುವುದಕ್ಕೆ 2 ಮೈಕ್ರೊಸೆಕೆಂಡ್ ಸಾಕು. ಚಕ್ರ ನೆಲ ಮುಟ್ಟುವಾಗ ವೇಗ ಗಂಟೆಗೆ 320 ಕಿಲೋಮೀಟರ್ ಮೀರಿದೆ. ಹಿಂದೆ ಪ್ಯಾರಾಚೂಟ್ ಬಿಚ್ಚಿಕೊಂಡು ಅದನ್ನು 100ರ ಹತ್ತಿರಕ್ಕೆ ತರುತ್ತದೆ.

"ಮಾವ, ಈಗ ಯಾವನಾರ ಜಾಮರ್ ಹಾಕಿದ್ರೆ?"

ಹಿಂದಿನ ಸೀಟಿನ ಸೋದರಳಿಯನ ಪ್ರಶ್ನೆ, ರೇಡಾರಿನ ಕಿವಿ ಮುಚ್ಚುವ ಗದ್ದಲದ ಯಂತ್ರದ್ದು. ಅವನ ತಲೆಯಲ್ಲಿರುವುದು ಅಂತರಿಕ್ಷ ನೌಕೆಗಳ ಯುದ್ಧ: ಮೊಳಕಾಲ್ಮೂರಿನ ಗೆಳೆಯನೊಂದಿಗೆ ಆಡುವ 1979ರ ಅಮೆರಿಕದ ಆಟ, ಸ್ಟಾರ್ ಫ್ಲೀಟ್ ಬ್ಯಾಟಲ್ಸ್. ಗೆಳೆಯನ ಮನೆಯಲ್ಲಿ ಮಗ್ಗವಿದೆ. ಸೀರೆಯ ಬುಟ್ಟಾ ಬಿಡಿಸುವ ಗ್ರಾಫ್ ಹಾಳೆಯೇ ಇವರ ಅಂತರಿಕ್ಷ. ನೌಕೆಯ ಶಕ್ತಿಯಲ್ಲಿ ಒಂದು ಪಾಲನ್ನು ಜಾಮಿಂಗಿಗೆ ಎತ್ತಿಡಬೇಕು. ಅಷ್ಟು ಶಕ್ತಿ ಓಟಕ್ಕೂ ಇಲ್ಲ, ಗುಂಡಿಗೂ ಇಲ್ಲ. ಗುರಿಯ ಜಾಮಿಂಗ್ ಅಂಕದಲ್ಲಿ ಹೊಡೆಯುವವನ ಪ್ರತಿ-ಜಾಮಿಂಗ್ ಅಂಕ ಕಳೆದು, ಉಳಿದದ್ದಕ್ಕೆ ವರ್ಗಮೂಲ. 1 ಉಳಿದರೆ 1, 4 ಉಳಿದರೆ 2. ಅದು ದಾಳದ ಮೇಲೆ ಕೂಡುತ್ತದೆ, ಹೊಡೆತ ಹಾಳಾಗುತ್ತದೆ. ನಾಲ್ಕು ಪಟ್ಟು ಖರ್ಚಿಗೆ ಎರಡು ಪಟ್ಟು ಲಾಭ. ಇಂಥ ಜಿಪುಣ ನಿಯಮ ನನಗೆ ಇಷ್ಟ. ಆದರೆ ಈ ಲೆಕ್ಕಕ್ಕೆ ದೂರ ಸೇರುವುದೇ ಇಲ್ಲ.

ನಿಜದ ರೇಡಾರಿಗೆ ದೂರವೇ ಎಲ್ಲ. ಅದರ ಅಲೆ ಹೋಗುವಾಗಲೂ ಸೊರಗುತ್ತದೆ, ಬರುವಾಗಲೂ. ಜಾಮರಿನ ಗದ್ದಲಕ್ಕೆ ಒಂದೇ ಕಡೆಯ ಪ್ರಯಾಣ, ಅದಕ್ಕೇ ದೂರದಲ್ಲಿ ಗೆಲ್ಲುವುದು ಅದೇ. ರೇಡಾರಿಗೂ ಜಾಮರ್ ಹೊತ್ತ ಗುರಿಗೂ ನಡುವಿನ ಅಂತರ ಅರ್ಧವಾಗಲಿ, ಗದ್ದಲ 4 ಪಟ್ಟಾದರೆ ಪ್ರತಿಧ್ವನಿ 16 ಪಟ್ಟು. ಎಲ್ಲೋ ಒಂದು ಹಂತದಲ್ಲಿ ಪ್ರತಿಧ್ವನಿ ಗದ್ದಲವನ್ನು ಸೀಳಿಕೊಂಡು ಹೊರಬರುತ್ತದೆ. ಅಲ್ಲಿಯವರೆಗೂ ಜಾಮರ್ ಹಾಕಿದವನು ಸುಮ್ಮನಿರುವುದಿಲ್ಲವಲ್ಲ: ಸಂತೆಯಲ್ಲಿ ಕೂಗುವವನ ಹಾಗೆ, ದೂರ ತಿಳಿಯದಿದ್ದರೂ ದಿಕ್ಕು ತಿಳಿಸಿಬಿಡುತ್ತಾನೆ. ಆ ಗದ್ದಲದ ಜಾಡು ಹಿಡಿದೇ ಬರುವ ಕ್ಷಿಪಣಿಗಳಿವೆ.

ಕೂಗದೆಯೇ ಅಡಗುವ ದಾರಿಯನ್ನೂ ಇದೇ ರನ್‌ವೇ ಕಂಡಿದೆ. 2022ರ ಜುಲೈ 1ರಂದು ಡಿಆರ್‌ಡಿಒದ ಬರೀ ರೆಕ್ಕೆಯಂಥ ಪೈಲಟ್‌ರಹಿತ ವಿಮಾನ ಇಲ್ಲಿಂದಲೇ ಮೊದಲ ಸಲ ಹಾರಿತು. ಬಾಲವಿಲ್ಲದಿದ್ದರೆ ಅಲೆ ಹಿಂದಿರುಗಿಸುವ ಮೈ ಅಷ್ಟು ಕಡಿಮೆ. ಹಾಗೆಂದು ಪೂರ್ತಿ ಮಾಯವಾಗುವುದು ಅಗ್ಗವಲ್ಲ: ಕಾಣುವ ದೂರವನ್ನು ಅರ್ಧಕ್ಕಿಳಿಸಲು ಪ್ರತಿಫಲನವನ್ನು ಹದಿನಾರರಲ್ಲಿ ಒಂದಕ್ಕೆ ಇಳಿಸಬೇಕು.

ಅಳಿಯ ಆಗಲೇ ಬೈಕಿನ ಟ್ಯಾಂಕಿನ ಮೇಲೆ ಗ್ರಾಫ್ ಹಾಳೆ ಹಾಸಿ, ಅಂಚಿನಲ್ಲಿ ಮನೆ ನಿಯಮ ಗೀಚುತ್ತಿದ್ದಾನೆ: ಎಂಟು ಮನೆ ದೂರದಲ್ಲಿ 4 ಇರುವ ಜಾಮಿಂಗ್, ನಾಲ್ಕು ಮನೆಗೆ ಬಂದರೆ 1.

"ಸಣ್ಣ ನೌಕೆಗಳೆಲ್ಲ ಸತ್ತೋಗ್ತವೆ ಮಾವ," ಎನ್ನುತ್ತಾನೆ. "ಹತ್ರ ಹೋಗೋ ಹಾಗೇ ಇಲ್ಲ."

ಮೊಳಕಾಲ್ಮೂರಿನವನು ಇದಕ್ಕೆ ಒಪ್ಪುತ್ತಾನೆಯೇ ಎಂದು ಫೋನ್ ಹಚ್ಚುತ್ತಾನೆ.